ಲೈಬ್ರರಿಯ ಕನ್ನಡ ಕಪಾಟು ತೆರೆಯುವವರು ಯಾರು?

ಕಾಸರಗೋಡಿನ ಗೆಳೆಯ ಗೆಳತಿಯರೇ, ನಿಮ್ಮೂರಿನ ಗ್ರಂಥಾಲಯಕ್ಕೆ ಕೊನೆಯದಾಗಿ ಹೋದದ್ದು ಯಾವಾಗ? "ಅಲ್ಲಿ ಹಿರಿಯರು ಪೇಪರ್ ಓದ್ತಾರೆ, ನಮಗೇನು ಕೆಲಸ?" ಅಂತೀರಾ? ತೊಂದರೆ ಶುರುವಾಗುವುದೇ ಅಲ್ಲಿ.

ಕನ್ನಡ ಪುಸ್ತಕ ಕಡಿಮೆ, ಇರುವುದೂ ಹಳತು ಅಂತ ನಾವು ದೂರುತ್ತೇವೆ. ದೂರು ಸುಳ್ಳಲ್ಲ. ಆದರೆ ಎರವಲು ರಿಜಿಸ್ಟರಿನಲ್ಲಿ ವರ್ಷವಿಡೀ ಒಂದು ಕನ್ನಡ ಪುಸ್ತಕದ ಹೆಸರೂ ಇಲ್ಲದಿದ್ದರೆ, "ಕನ್ನಡಕ್ಕೆ ಓದುಗರಿಲ್ಲ" ಅನ್ನುವವರಿಗೆ ನಾವು ಏನು ಹೇಳುವುದು? ಹತ್ತು ಮನವಿ ಪತ್ರಕ್ಕಿಂತ ಆ ರಿಜಿಸ್ಟರಿನ ಒಂದು ಪುಟ ಗಟ್ಟಿ ಸಾಕ್ಷಿ.

ಕೇರಳದ ಗ್ರಾಮ ಗ್ರಂಥಾಲಯಗಳು ಹೆಚ್ಚಾಗಿ ಊರವರೇ ನಡೆಸುವಂಥವು. 1945ರಲ್ಲಿ ಪಿ.ಎನ್. ಪಣಿಕ್ಕರ್ ಮುಂದೆ ನಿಂತು ಕಟ್ಟಿದ ಗ್ರಂಥಶಾಲಾ ಸಂಘದಿಂದ ಬೆಳೆದ ಚಳವಳಿ ಇದು. ಊರವರೇ ಸದಸ್ಯರು, ಸದಸ್ಯರೇ ಆರಿಸಿದ ಸಮಿತಿ, ಲೈಬ್ರರಿ ಕೌನ್ಸಿಲಿನ ಗ್ರಾಂಟು. ಮಕ್ಕಳಿಗೆ ಬಾಲವೇದಿಯೂ ಉಂಟು. ಒಳಗೆ ಹೋದರೆ ನಮಗೂ ಜಾಗ ಉಂಟು.

"ಬನ್ನಿ, ಓದಿ" ಅಂತ ಬೋರ್ಡ್ ಹಾಕಿದರೆ ಹತ್ತನೇ ಕ್ಲಾಸಿನ ಹುಡುಗ ಬರುವುದಿಲ್ಲ. ಅವನಿಗೆ ಇಷ್ಟವಾದದ್ದನ್ನು ಅಲ್ಲಿಗೆ ತರಬೇಕು. ಕುಂಬಳೆಯ ಪಾರ್ತಿಸುಬ್ಬನ ನೆಲ ನಮ್ಮದು. ತಿಂಗಳಿಗೊಂದು ಸಂಜೆ ಲೈಬ್ರರಿಯಲ್ಲೇ ಮಕ್ಕಳ ತಾಳಮದ್ದಳೆ ಇಡುವ. ಅರ್ಥ ಹೇಳಬೇಕಾದರೆ ಪ್ರಸಂಗ ಪುಸ್ತಕ, ರಾಮಾಯಣ, ಮಹಾಭಾರತ ತಿರುವಿ ಹಾಕಲೇಬೇಕು. ಕಪಾಟು ತಾನಾಗಿ ತೆರೆಯುತ್ತದೆ. ಕ್ರಿಕೆಟ್ ಪಂದ್ಯದ ದಿನ ಮೈದಾನದ ಬದಿಯಲ್ಲಿ ಒಂದು ಪೆಟ್ಟಿಗೆ ಪುಸ್ತಕ ಇಡುವ. ಓದಿದ ಪುಸ್ತಕದ ಬಗ್ಗೆ ಒಂದು ನಿಮಿಷದ ರೀಲ್ಸ್ ಮಾಡಿ. ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ ಯಾವುದೇ ಇರಲಿ, ಅದರಲ್ಲೇ ಮಾತಾಡಿ. ಅಜ್ಜಿಯ ಹತ್ತಿರ ಊರಿನ ಕಥೆ ಕೇಳಿ, ಕನ್ನಡದಲ್ಲಿ ಬರೆದು, ಕೈಬರಹದ ಪತ್ರಿಕೆ ಮಾಡಿ ಲೈಬ್ರರಿಯ ಮೇಜಿನ ಮೇಲಿಡಿ. ನಾವು ಬರೆದದ್ದನ್ನು ಯಾರು ಓದಿದರು ಅಂತ ನೋಡಲಿಕ್ಕಾದರೂ ಮರುದಿನ ಹೋಗ್ತೇವೆ, ಅಲ್ವಾ?

ಜೂನ್ 19 ಕೇರಳದ ವಾಚನಾ ದಿನ. ಆ ದಿನದ ಕಾರ್ಯಕ್ರಮದಲ್ಲಿ ಕನ್ನಡಕ್ಕೂ ಅರ್ಧ ಗಂಟೆ ಕೇಳಿ. ಜಗಳ ಬೇಡ, ಬೇಕಾದ ಕನ್ನಡ ಪುಸ್ತಕಗಳ ಪಟ್ಟಿ, ಓದುವ ಮಕ್ಕಳ ಹೆಸರು ಹಿಡಿದುಕೊಂಡು ಹೋಗಿ. ಪುಸ್ತಕ ಪ್ರೀತಿಸುವ ಮಲಯಾಳಿ ಹಿರಿಯರು ಓದುವ ಮಕ್ಕಳನ್ನು ಕಂಡರೆ ಖುಷಿಪಡ್ತಾರೆ.

ಗೋವಿಂದ ಪೈ, ಕಯ್ಯಾರರ ಹೆಸರು ಬಂದಾಗ ಸಭೆಯಲ್ಲಿ ಚಪ್ಪಾಳೆ ಹೊಡೆಯುವುದು ಸುಲಭ. ಅವರದೊಂದು ಪುಸ್ತಕ ಮನೆಗೆ ತಂದು ಓದುವವರು ಎಷ್ಟು ಮಂದಿ? ಈ ಭಾನುವಾರ ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರ್ಕೊಂಡು ಹೋಗಿ. ಸದಸ್ಯರಾಗಿ, ಒಂದು ಕನ್ನಡ ಪುಸ್ತಕ ತಗೊಳ್ಳಿ, ರಿಜಿಸ್ಟರಿನಲ್ಲಿ ಕನ್ನಡದಲ್ಲೇ ಸಹಿ ಹಾಕಿ ಬನ್ನಿ.