ಕಾಲೇಜಿನ ವೇಗ ವೃತ್ತಿ ಕಣದಲ್ಲಿ ನಡೆದೀತೇ?

ಫುಟ್‌ಬಾಲ್ ಎಂದರೆ ನಮ್ಮ ಕಡೆಯವರಿಗೆ ಕಾಲ್ಚೆಂಡಾಟ. ಊರೂರಲ್ಲಿ ನಡೆಯುವ ಸೆವೆನ್ಸ್ ಪಂದ್ಯಾಟ. ಅಮೆರಿಕದವರು ಅದೇ ಹೆಸರಿನಿಂದ ಕರೆಯುವ ಆಟ ಬೇರೆಯೇ. ಅಲ್ಲಿ ಚೆಂಡು ಮೊಟ್ಟೆಯಾಕಾರದ್ದು. ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಮಕ್ಕಳು ಮೊಮ್ಮಕ್ಕಳು ಆ ದೇಶದಲ್ಲಿ ನೆಲೆಸಿರುವ ಮನೆಗಳಲ್ಲಿ ಈ ಆಟದ ಮಾತು ಆಗಾಗ ಬರುವುದುಂಟು. ಆ ಆಟದ ವಲಯದಲ್ಲಿ ಹನ್ನೆರಡು ವರ್ಷಗಳಿಗೂ ಮಿಕ್ಕಿ ನಡೆದು ಬಂದಿರುವ ಒಂದು ವಾದವು ಆಟ ನೋಡದವರೂ ಗಮನಿಸತಕ್ಕಂಥದು. ಕಾಲೇಜು ತಂಡಗಳು ಆಡಿ ಗೆದ್ದು ತೋರಿಸಿದ ಅತಿವೇಗದ ದಾಳಿಯು ಸಂಬಳಕ್ಕೆ ಆಡುವ ವೃತ್ತಿಪರ ತಂಡಗಳಲ್ಲಿ ಫಲಿಸೀತೇ ಎಂಬುದೇ ಆ ವಾದ.

ಈ ಲೇಖಕನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ವೇಗವು ಉಪಾಯವಾಗಿ ಫಲಿಸುತ್ತದೆ, ವ್ರತವಾಗಿ ಫಲಿಸುವುದಿಲ್ಲ. ಏಕೆಂದರೆ ವೇಗಕ್ಕೂ ಒಂದು ಬೆಲೆಯುಂಟು. ಕಾಲೇಜಿನಲ್ಲಿ ಅದನ್ನು ನೂರು ಮಂದಿ ಹಂಚಿಕೊಂಡು ತೆರುತ್ತಾರೆ. ವೃತ್ತಿ ತಂಡದಲ್ಲಿ ಅದರ ಅರ್ಧದಷ್ಟು ಮಂದಿಯೂ ತೆರಲು ಇರುವುದಿಲ್ಲ.

ಆಟದ ಕ್ರಮ

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಪ್ರತಿ ತಂಡದಿಂದ 11 ಮಂದಿ ಕಣದಲ್ಲಿರುತ್ತಾರೆ. ಚೆಂಡು ಹಿಡಿದ ತಂಡವು 4 ಯತ್ನಗಳೊಳಗೆ 10 ಗಜ ಮುಂದೊತ್ತಬೇಕು. ಸಾಧಿಸಿದರೆ ಮತ್ತೆ 4 ಯತ್ನ, ಇಲ್ಲವಾದರೆ ಚೆಂಡು ಎದುರಾಳಿಗೆ. ಪ್ರತಿ ತಂಡದಲ್ಲೂ ದಾಳಿಗೆ ಒಂದು ಪಡೆ, ರಕ್ಷಣೆಗೆ ಇನ್ನೊಂದು ಪಡೆ. ಒಂದು ಯತ್ನ ಮುಗಿದ ಮೇಲೆ ದಾಳಿಯವರು ದುಂಡಗೆ ನಿಂತು, ತಲೆಗೆ ತಲೆ ಸೇರಿಸಿ, ಮುಂದಿನ ತಂತ್ರವನ್ನು ಕೇಳಿಕೊಳ್ಳುವುದು ವಾಡಿಕೆ. ಇದಕ್ಕೆ ಹಡಲ್ ಎಂದು ಹೆಸರು. ಸಾಮಾನ್ಯವಾಗಿ 40 ಸೆಕೆಂಡುಗಳೊಳಗೆ ಮುಂದಿನ ಯತ್ನ ಆರಂಭವಾಗಬೇಕು.

ವೇಗದ ಪಂಥದವರು ಈ ಹಡಲನ್ನೇ ಕೈಬಿಟ್ಟರು. ಅಂಚಿನಿಂದ ಬರುವ ಒಂದು ಸಂಜ್ಞೆ ಸಾಕು, ಮುಂದಿನ ಯತ್ನ ಆರಂಭ. ದಾಳಿಯವರು ತಮ್ಮ ಆಟಗಾರರನ್ನು ಬದಲಿಸಿದರೆ ರಕ್ಷಣೆಯವರಿಗೂ ಬದಲಿಸಲು ಅವಕಾಶ ಕೊಡಬೇಕೆಂದು ನಿಯಮವಿದೆ. ಬದಲಿಸದಿದ್ದರೆ ಆ ಅವಕಾಶವಿಲ್ಲ. ಹೀಗಾಗಿ ದಣಿದ ರಕ್ಷಕನು ಏದುಸಿರು ಬಿಡುತ್ತ ಅಲ್ಲೇ ನಿಲ್ಲಬೇಕಾಗುತ್ತದೆ. ಉಪಾಯ ಜಾಣತನದ್ದು ಎಂಬುದರಲ್ಲಿ ಸಂಶಯವಿಲ್ಲ.

ಒರೆಗಾನ್‌ನಿಂದ ಫಿಲಡೆಲ್ಫಿಯಾಕ್ಕೆ

ಈ ಪಂಥದ ಹೆಸರಾಂತ ಗುರು ಚಿಪ್ ಕೆಲ್ಲಿ. ಒರೆಗಾನ್ ವಿಶ್ವವಿದ್ಯಾಲಯದ ಮುಖ್ಯ ತರಬೇತುದಾರರಾಗಿ 2009ರಿಂದ 2012ರ ವರೆಗೆ ಅವರು 53 ಪಂದ್ಯಗಳಲ್ಲಿ 46ನ್ನು ಗೆಲ್ಲಿಸಿಕೊಟ್ಟರು. ಚಿತ್ರಗಳನ್ನು ಅಂಟಿಸಿದ ದೊಡ್ಡ ಫಲಕಗಳನ್ನು ಅಂಚಿನಲ್ಲಿ ಎತ್ತಿ ಹಿಡಿದು ಹುಡುಗರಿಗೆ ಸಂಜ್ಞೆ ಕೊಡುವುದು ಅವರ ಪದ್ಧತಿಯಾಗಿತ್ತು. 2013ರಲ್ಲಿ ವೃತ್ತಿ ಕೂಟದ ಫಿಲಡೆಲ್ಫಿಯಾ ಈಗಲ್ಸ್ ತಂಡವು ಅವರನ್ನು ಕರೆಸಿಕೊಂಡಿತು.

2013ರ ಸೆಪ್ಟೆಂಬರ್ 9ರಂದು ವಾಷಿಂಗ್ಟನ್ ತಂಡದೊಡನೆ ಅವರ ಮೊದಲ ಪಂದ್ಯ. ಮೊದಲರ್ಧವೊಂದರಲ್ಲೇ ಈಗಲ್ಸ್ 53 ಯತ್ನಗಳನ್ನು ಓಡಿಸಿಬಿಟ್ಟಿತು, ಅಂಕ 26-7. ನೋಡಿದವರು ಬೆರಗಾದರು, ಆಟವೇ ಬದಲಾಯಿತೆಂದರು. ಆದರೆ ಪಂದ್ಯ ಮುಗಿದಾಗ ಅಂಕ 33-27. ಮೂರು ವರ್ಷಗಳ ಕಥೆ ಆ ಒಂದು ರಾತ್ರಿಯಲ್ಲೇ ಅಡಗಿತ್ತು ಎಂದರೆ ತಪ್ಪಾಗಲಾರದು. 2013ರಲ್ಲಿ 10 ಗೆಲುವು, 6 ಸೋಲು. ನಾಕ್‌ಔಟ್ ಹಂತದ ಮೊದಲ ಪಂದ್ಯದಲ್ಲೇ ನಿರ್ಗಮನ. 2014ರಲ್ಲಿ ಮತ್ತೆ 10-6, ನಾಕ್‌ಔಟಿಗೇ ಪ್ರವೇಶವಿಲ್ಲ. 2015ರಲ್ಲಿ 6 ಗೆದ್ದು 9 ಸೋತಾಗ, ಒಂದು ಪಂದ್ಯ ಉಳಿದಿರುವಂತೆಯೇ ಅವರನ್ನು ತೆಗೆದುಹಾಕಿದರು. 2016ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡದಲ್ಲಿ 16 ಪಂದ್ಯಗಳಿಗೆ ಬರೇ 2 ಗೆಲುವು. ಅಲ್ಲಿಯೂ ಒಂದೇ ವರ್ಷಕ್ಕೆ ಮುಗಿಯಿತು.

ಏಕೆ ಹೀಗಾಯಿತು?

ಮೊದಲನೆಯ ಕಾರಣ ತಲೆ ಎಣಿಕೆ. ದೊಡ್ಡ ಕಾಲೇಜು ತಂಡವೊಂದು ಬಹುಕಾಲ 85 ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದಾಗಿತ್ತು. ಅದಿಲ್ಲದೆ ಆಡುವವರು ಬೇರೆ. 2025ರಿಂದ ಒಟ್ಟು 105 ಮಂದಿಯ ಮಿತಿ ಬಂದಿದೆ. ವೃತ್ತಿ ತಂಡದಲ್ಲಿರುವವರು 53 ಮಂದಿ. ಕೆಲ್ಲಿಯವರ ಕಾಲದಲ್ಲಿ ಪಂದ್ಯದ ದಿನ ಕಣಕ್ಕಿಳಿಯಬಹುದಾಗಿದ್ದವರು 46 ಮಂದಿ ಮಾತ್ರ. ಕಾಲೇಜಿಗೆ ವರ್ಷಕ್ಕೆ 12 ಸಾಮಾನ್ಯ ಪಂದ್ಯಗಳು. ವೃತ್ತಿಪರರಿಗೆ ಆಗ 16; 2021ರಿಂದ 17. ಆಳು ಕಡಿಮೆ, ದುಡಿತ ಹೆಚ್ಚು.

ಎರಡನೆಯದು ಗಡಿಯಾರದ ಲೆಕ್ಕ. ವೇಗದ ದಾಳಿ ಫಲಿಸಿದಾಗ ಎದುರಾಳಿ ದಣಿಯುವುದು ನಿಜ. ಫಲಿಸದಿದ್ದಾಗ? ಮೂರು ಯತ್ನಗಳು ಒಂದು ನಿಮಿಷದಲ್ಲಿ ಮುಗಿದುಹೋಗಿ ಚೆಂಡು ಕೈತಪ್ಪುತ್ತದೆ. ಆಗ ತಾನೇ ಕುಳಿತು ನೀರು ಕುಡಿಯುತ್ತಿದ್ದ ಸ್ವಂತ ರಕ್ಷಣಾ ಪಡೆಯವರು ಮತ್ತೆ ಎದ್ದು ಓಡಬೇಕು. ಕೆಲ್ಲಿಯವರ ಮೂರು ವರ್ಷಗಳಲ್ಲಿ ಚೆಂಡನ್ನು ತಮ್ಮ ಬಳಿ ಇರಿಸಿಕೊಂಡ ಸಮಯದಲ್ಲಿ ಈಗಲ್ಸ್ ತಂಡವು 32 ತಂಡಗಳ ಪೈಕಿ ಕಟ್ಟಕಡೆಯದಾಗಿತ್ತು.

ಇನ್ನೊಂದು ಪಂದ್ಯ ಈ ಮಾತಿಗೆ ಸಾಕ್ಷಿ. 2017ರ ಫೆಬ್ರವರಿಯ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯದಲ್ಲಿ ಅಟ್ಲಾಂಟಾ ತಂಡ 28-3ರಷ್ಟು ಮುಂದಿದ್ದೂ ನ್ಯೂ ಇಂಗ್ಲೆಂಡ್ ತಂಡಕ್ಕೆ 34-28ರಿಂದ ಸೋತಿತು. ಅಂದು ನ್ಯೂ ಇಂಗ್ಲೆಂಡ್ ನಡೆಸಿದ ಯತ್ನಗಳು 93, ಅಟ್ಲಾಂಟಾದವು 46. ಬೇಗ ಬೇಗ ಅಂಕ ಗಳಿಸಿದ್ದ ಅಟ್ಲಾಂಟಾದ ರಕ್ಷಕರಿಗೆ ಕೊನೆಯಲ್ಲಿ ಕಾಲೇ ಏಳಲಿಲ್ಲ. ಮನುಷ್ಯನನ್ನು ಕೆಡಹುವುದು ಎದುರಾಳಿಯ ಅವಸರ ಮಾತ್ರವಲ್ಲ, ಆತ ಎದ್ದು ನಿಲ್ಲಬೇಕಾದ ಸರದಿಗಳ ಸಂಖ್ಯೆ.

ಮೂರನೆಯದು ಸಮಬಲ. ಕಾಲೇಜುಗಳ ಮೇಲ್ದರ್ಜೆಯಲ್ಲಿ 130ಕ್ಕೂ ಮಿಕ್ಕಿ ತಂಡಗಳಿವೆ. ಬಲಾಢ್ಯ ತಂಡಕ್ಕೂ ಬಡ ತಂಡಕ್ಕೂ ಆನೆ ಆಡಿನ ಅಂತರ. ವೃತ್ತಿ ಕೂಟದಲ್ಲಿ ಹಾಗಿಲ್ಲ. ತಂಡಗಳ ಸಂಬಳದ ಒಟ್ಟು ಮೊತ್ತಕ್ಕೆ ಮಿತಿಯಿದೆ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲ ಹಕ್ಕು. ಅಂಗಣವೂ ಒಂದೇ ಬಗೆಯದಲ್ಲ. ಪ್ರತಿ ಯತ್ನಕ್ಕೆ ಚೆಂಡನ್ನು ಇಡುವ ಗೆರೆಗಳ ನಡುವಣ ಅಂತರ ಕಾಲೇಜಿನಲ್ಲಿ 40 ಅಡಿ, ವೃತ್ತಿ ಕಣದಲ್ಲಿ 18 ಅಡಿ 6 ಅಂಗುಲ. ಕಾಲೇಜಿನಲ್ಲಿ ಒಂದು ಮಗ್ಗುಲು ವಿಶಾಲವಾಗಿ ಬಯಲಾಗುತ್ತದೆ. ವೃತ್ತಿ ಕಣದಲ್ಲಿ ಅಷ್ಟು ಬಯಲು ಸಿಗದು. ಸೆವೆನ್ಸಿನಲ್ಲಿ ಮಿಂಚಿದ ಹುಡುಗ ಹನ್ನೊಂದು ಮಂದಿಯ ಪೂರ್ಣ ಮೈದಾನದಲ್ಲಿ ತಬ್ಬಿಬ್ಬಾಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎದುರು ಪಕ್ಷದ ಮಾತು

ವೇಗವಾದಿಗಳ ವಾದವನ್ನೂ ಕೇಳಬೇಕು. ಕೆಲ್ಲಿಯವರು ಬರುವ ಹಿಂದಿನ ವರ್ಷ ಈಗಲ್ಸ್ ಗೆದ್ದದ್ದು 4 ಪಂದ್ಯ ಮಾತ್ರ. ಅವರು ಅದನ್ನು 10ಕ್ಕೇರಿಸಿದರು. 2013ರಲ್ಲಿ ಅವರ ಓಟಗಾರ ಲೆಶಾನ್ ಮೆಕಾಯ್ 1,607 ಗಜ ಓಡಿ ಕೂಟಕ್ಕೇ ಮೊದಲಿಗನಾದ. ಕೆಟ್ಟದ್ದು ವೇಗದಿಂದಲ್ಲ, 2015ರಲ್ಲಿ ಆಟಗಾರರ ಆಯ್ಕೆಯ ಅಧಿಕಾರವೂ ಕೈಗೆ ಬಂದ ಮೇಲೆ ಅದೇ ಮೆಕಾಯ್ ಅವರನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟ ದುಡುಕಿನಿಂದ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಆದರೆ ತಂತ್ರವೊಂದಿದ್ದರೆ ಸಾಕು, ಯಾವ ಆಟಗಾರನಾದರೂ ನಡೆದೀತು ಎಂಬ ನಂಬಿಕೆಯೂ ಕಾಲೇಜಿನಿಂದಲೇ ಬಂದದ್ದಲ್ಲವೇ? ಕಾಲೇಜಿನಲ್ಲಿ ನಾಲ್ಕೈದು ವರ್ಷಕ್ಕೊಮ್ಮೆ ಹುಡುಗರು ಬದಲಾಗುತ್ತಾರೆ, ಗುರು ಉಳಿಯುತ್ತಾನೆ. ವೃತ್ತಿಪರರಲ್ಲಿ ಒಬ್ಬ ನುರಿತವನು ಹೋದರೆ ಆ ಜಾಗ ಸುಲಭದಲ್ಲಿ ತುಂಬುವುದಿಲ್ಲ.

ಹಡಲ್ ಇಲ್ಲದ ಆಟ ವೃತ್ತಿ ಕಣಕ್ಕೆ ಹೊಸದೂ ಅಲ್ಲ. ಬಫಲೊ ತಂಡವು ಇದೇ ಬಗೆಯಲ್ಲಿ ಆಡಿ 1991ರಿಂದ 1994ರ ವರೆಗೆ ನಾಲ್ಕು ಸೂಪರ್ ಬೌಲ್‌ಗಳನ್ನು ಸಾಲಾಗಿ ತಲುಪಿತು. ನಾಲ್ಕನ್ನೂ ಸೋತಿತು. 1991ರ ಪಂದ್ಯದಲ್ಲಿ ನ್ಯೂಯಾರ್ಕ್ ಜಯಂಟ್ಸ್ ತಂಡವು 60 ನಿಮಿಷಗಳ ಪೈಕಿ 40 ನಿಮಿಷಗಳಿಗೂ ಮಿಕ್ಕಿ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು 20-19ರಿಂದ ಗೆದ್ದಿತು. ನಿಧಾನವೇ ವೇಗಕ್ಕೆ ಮದ್ದಾಯಿತು. ಆದರೂ ನಾಲ್ಕು ಸಲ ಅಂತಿಮಕ್ಕೆ ಬರುವುದು ಸಣ್ಣ ಸಂಗತಿಯಲ್ಲ. ಅಲ್ಲಿ ವೇಗ ನಡೆದುದಕ್ಕೆ ಒಂದು ಕಾರಣವಿತ್ತು. ಕ್ವಾರ್ಟರ್‌ಬ್ಯಾಕ್ ಎಂಬ ದಳನಾಯಕ ಜಿಮ್ ಕೆಲ್ಲಿ - ಇವರು ಬೇರೆ ಕೆಲ್ಲಿ - ಎದುರಾಳಿಯ ನಿಲುವನ್ನು ಕಣ್ಣಾರೆ ಕಂಡು, ಕಣದಲ್ಲೇ ನಿಂತು, ತಾನೇ ತಂತ್ರವನ್ನು ಆರಿಸುತ್ತಿದ್ದರು. ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬುದು ಆಡುವವನ ಅಂಕೆಯಲ್ಲಿತ್ತು, ಅಂಚಿನ ಫಲಕದಲ್ಲಿರಲಿಲ್ಲ.

ಯಕ್ಷಗಾನ ಬಲ್ಲ ನಮಗೆ ಇದು ಹೊಸ ಮಾತಲ್ಲ. ಯುದ್ಧದ ಪ್ರಸಂಗವಾದರೂ ಭಾಗವತರು ಇರುಳಿಡೀ ದ್ರುತಗತಿಯಲ್ಲಿ ಪದ ಹೇಳುವುದಿಲ್ಲ. ಹೇಳಿದರೆ ವೇಷಧಾರಿಯೂ ಸೋಲುತ್ತಾನೆ, ಚೆಂಡೆಯೂ ಬರೇ ಸದ್ದಾಗುತ್ತದೆ.

ಉಳಿದದ್ದು ಯಾವುದು?

ಹಾಗೆಂದು ಕಾಲೇಜು ಆಟದಿಂದ ವೃತ್ತಿಪರರು ಕಲಿತದ್ದೇ ಇಲ್ಲವೆಂದಲ್ಲ. ಕಲಿತದ್ದು ಬಹಳ. ಆಟಗಾರರನ್ನು ಅಂಗಣದುದ್ದಗಲಕ್ಕೆ ಹರಡಿ ನಿಲ್ಲಿಸುವುದು, ಚೆಂಡು ಕೈಗೆ ಬಂದ ಮೇಲೆ ಒಬ್ಬ ರಕ್ಷಕನ ಚಲನೆಯನ್ನು ನೋಡಿಕೊಂಡು ಓಡಿಸುವುದೋ ಎಸೆಯುವುದೋ ಎಂದು ಆ ಕ್ಷಣದಲ್ಲಿ ನಿರ್ಧರಿಸುವುದು - ಇವು ಕಾಲೇಜಿನಲ್ಲಿ ಬೆಳೆದ ವಿದ್ಯೆಗಳು. ಇಂದು ವೃತ್ತಿ ತಂಡಗಳಲ್ಲಿ ಮನೆಮಾತಾಗಿವೆ. 2018ರ ಫೆಬ್ರವರಿಯಲ್ಲಿ ಇದೇ ಫಿಲಡೆಲ್ಫಿಯಾ, ಡಗ್ ಪೆಡರ್ಸನ್ ಅವರ ತರಬೇತಿಯಲ್ಲಿ, ಇಂಥ ತಂತ್ರಗಳನ್ನೇ ಬಳಸಿ ತನ್ನ ಮೊದಲ ಸೂಪರ್ ಬೌಲ್ ಗೆದ್ದಿತು. ಅಂದಿನ ದಳನಾಯಕ ನಿಕ್ ಫೋಲ್ಸ್, 2013ರಲ್ಲಿ ಕೆಲ್ಲಿಯವರ ಕೈಯಲ್ಲೇ ಮಿಂಚಿದವರು. ಟೆಕ್ಸಸ್ ಟೆಕ್ ಕಾಲೇಜಿನಲ್ಲಿ ಎಸೆತದ ಆಟವನ್ನೇ ಆಡಿ ಬೆಳೆದ ಪ್ಯಾಟ್ರಿಕ್ ಮಹೋಮ್ಸ್ ಕ್ಯಾನ್ಸಸ್ ಸಿಟಿಗೆ 2020, 2023, 2024ರಲ್ಲಿ ಕಿರೀಟ ತಂದುಕೊಟ್ಟರು. ಅದೇ ಕಾಲೇಜಿನಲ್ಲಿ ಮಹೋಮ್ಸ್ ಅವರ ಗುರುವಾಗಿದ್ದ ಕ್ಲಿಫ್ ಕಿಂಗ್ಸ್‌ಬರಿ ಮಾತ್ರ 2019ರಿಂದ 2022ರ ವರೆಗೆ ಅರಿಝೋನಾ ತಂಡದಲ್ಲಿ 28 ಗೆದ್ದು 37 ಸೋತು ಹೊರನಡೆದರು. ಇನ್ನು 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾ ಎರಡನೆಯ ಕಿರೀಟ ತೊಟ್ಟಾಗ ಅದರ ಬೆನ್ನೆಲುಬಾಗಿದ್ದದ್ದು, ಆ ಋತುವಿನಲ್ಲಿ 2,005 ಗಜ ಓಡಿದ ಸಾಕ್ವಾನ್ ಬಾರ್ಕ್ಲಿ ಮತ್ತು ಅವರಿಗೆ ದಾರಿ ಬಿಡಿಸಿಕೊಟ್ಟ ದೈತ್ಯದೇಹಿಗಳು. ವಿದ್ಯೆ ಉಳಿಯಿತು, ಅವಸರ ಉದುರಿತು.

ಬೆಲೆ ತೆರುವವರು

ಇದರಲ್ಲಿ ಆಟಕ್ಕಿಂತ ದೊಡ್ಡ ಪ್ರಶ್ನೆಯೊಂದಿದೆ. ವೃತ್ತಿಪರನಿಗೆ ದೇಹವೇ ಬಂಡವಾಳ. ಪೆಟ್ಟಿನ ಆಟವಾದುದರಿಂದ ಒಂದೊಂದು ಯತ್ನವೂ ಮೊಣಕಾಲಿಗೆ, ಹೆಗಲಿಗೆ, ತಲೆಗೆ ಒಂದೊಂದು ಅಪಾಯ. ಸಂಬಳ ಭಾರಿಯೆಂದು ಕೇಳುತ್ತೇವೆ. ಆದರೆ ಬಹುತೇಕ ಕರಾರುಗಳಲ್ಲಿ ಪೂರ್ತಿ ಮೊತ್ತಕ್ಕೆ ಖಾತರಿಯಿರುವುದಿಲ್ಲ. ಗಾಯಗೊಂಡು ಹಿಂದೆ ಬಿದ್ದವನನ್ನು ತಂಡ ಬಿಟ್ಟುಬಿಡಬಹುದು. ಆದಕಾರಣವೇ ಆಟಗಾರರ ಸಂಘವು 2011ರಲ್ಲಿ ಮಾಲಕರೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಕವಚ ತೊಟ್ಟು ಮೈಗೆ ಮೈ ಹಾಯಿಸುವ ಅಭ್ಯಾಸವನ್ನು ಪಂದ್ಯಗಳ ಋತುವಿನಲ್ಲಿ 14 ದಿನಗಳಿಗೆ ಮಿತಿಗೊಳಿಸಿತು. ಅತಿವೇಗದ ಪಂಥಕ್ಕೋ ಹೆಚ್ಚು ಯತ್ನ, ಹೆಚ್ಚು ಆವರ್ತನೆಗಳೇ ಆಹಾರ. ವಿದ್ಯಾರ್ಥಿ ಹೇಳಿದ್ದಕ್ಕೆ ತಲೆಯಾಡಿಸಿಯಾನು. ಮನೆಮಂದಿಯನ್ನು ಸಾಕಬೇಕಾದ ಮೂವತ್ತರ ಪ್ರಾಯದ ಆಟಗಾರ ಏತಕ್ಕೆಂದು ಕೇಳುತ್ತಾನೆ. ಕೇಳುವುದು ಅವನ ಹಕ್ಕು.

ಕಾಲೇಜಿನಲ್ಲಿ ಗೆದ್ದ ತರಬೇತುದಾರರನ್ನು ವೃತ್ತಿ ತಂಡಗಳು ಮುಂದೆಯೂ ಕರೆಯುತ್ತವೆ. ಕರೆಯಬಾರದೆಂದು ಹೇಳುವವರು ನಾವಲ್ಲ. ಅವರ ಬುದ್ಧಿವಂತಿಕೆಯನ್ನು ಧಾರಾಳವಾಗಿ ಕೊಳ್ಳಲಿ. ವೇಗವನ್ನೂ ಕೊಳ್ಳುವುದಾದರೆ, ಅದರ ಬೆಲೆಯನ್ನು ಕಣದಲ್ಲಿ ತೆರುವವರು ಯಾರು, ಅವರು ಎಷ್ಟು ಮಂದಿ ಇದ್ದಾರೆ ಎಂಬುದನ್ನು ಮಾಲಕರು ಮೊದಲು ಎಣಿಸಿಕೊಳ್ಳಲಿ.