ಪಲ್ಲಿಯ ಚರಿತ್ರೆ ನೆರೆಯವರಿಗೂ ಗೊತ್ತಿರಲಿ

ನಮ್ಮ ಬ್ಯಾರಿ ಮನೆಗಳಲ್ಲಿ ಮಸೀದಿಗೆ ‘ಪಲ್ಲಿ’ ಎನ್ನುತ್ತೇವೆ. ತಲಪಾಡಿ ದಾಟಿ ಕೇರಳಕ್ಕೆ ಹೋದರೆ ಚರ್ಚಿಗೂ ‘ಪಳ್ಳಿ’ ಎಂದೇ ಹೆಸರು. ಅದಕ್ಕೂ ಹಿಂದೆ ದಕ್ಷಿಣದಲ್ಲಿ ಜೈನರ, ಬೌದ್ಧರ ನೆಲೆಗಳನ್ನೂ ಪಳ್ಳಿ ಎಂದೇ ಕರೆಯುತ್ತಿದ್ದರು. ಈ ಕರಾವಳಿಯಲ್ಲಿ ಆರಾಧನಾಲಯಗಳು ಎಷ್ಟು ಹತ್ತಿರ ಹತ್ತಿರ ಬೆಳೆದವು ಎಂಬುದನ್ನು ಈ ಒಂದು ಪದವೇ ಹೇಳುತ್ತದೆ.

ಮಂಗಳೂರನ್ನೇ ನೋಡಿ. ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿಯ ಮೂಲವನ್ನು ಐತಿಹ್ಯವು ಮಾಲಿಕ್ ದೀನಾರ್ ತಂಡದ ತನಕ ಒಯ್ಯುತ್ತದೆ. ಕದ್ರಿ ಮಂಜುನಾಥ ದೇವಸ್ಥಾನದ ಲೋಕೇಶ್ವರ ಕಂಚಿನ ವಿಗ್ರಹದ ಶಾಸನ ಕ್ರಿ.ಶ. 968ರದ್ದು, ಆಳುಪರ ಕುಂದವರ್ಮನ ಕಾಲದ್ದು. ರೊಸಾರಿಯೊ ಚರ್ಚ್ 1568ರಲ್ಲಿ, ಮಿಲಾಗ್ರಿಸ್ 1680ರಲ್ಲಿ ಶುರುವಾದವು. ಬೇರೆ ದೇವಸ್ಥಾನಗಳಲ್ಲಿ ಪ್ರವೇಶ ಸಿಗದ ಬಿಲ್ಲವರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ಬಾವುಟಗುಡ್ಡೆಯಲ್ಲಿ ನಮ್ಮ ಈದ್ಗಾ ಉಂಟು, ಅಲ್ಲೇ ಹತ್ತಿರ ಮೊಸ್ಕೆನಿಯ ಚಿತ್ರಗಳಿರುವ ಸಂತ ಅಲೋಶಿಯಸ್ ಚಾಪೆಲ್ ಉಂಟು. ನಡೆದು ಹೋದರೆ ಅರ್ಧ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸಬಹುದು. ಆದರೆ ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದಾರೆ? ನಮ್ಮ ಪಲ್ಲಿಯ ಒಳಗೆ ಏನುಂಟು ಎಂದು ನೆರೆಯ ಎಷ್ಟು ಮಂದಿಗೆ ಗೊತ್ತುಂಟು?

ಈ ಪ್ರಶ್ನೆ ಕೇಳುವಾಗ ಸೌಹಾರ್ದದ ಸಿಹಿ ಮಾತಷ್ಟೇ ಸಾಲದು. ಈ ಊರಿನ ಆರಾಧನಾಲಯಗಳು ನೋವನ್ನೂ ಉಂಡಿವೆ. 1784ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಇಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು, ಚರ್ಚುಗಳನ್ನು ಕೆಡವಿದ್ದು ಇತಿಹಾಸ. 2008ರ ಸೆಪ್ಟೆಂಬರಿನಲ್ಲಿ ಮತ್ತೆ ಚರ್ಚುಗಳ ಮೇಲೆ ದಾಳಿಯಾಯಿತು. ಬಪ್ಪನಾಡಿನ ಕತೆ ನಮಗೆಲ್ಲ ಬಾಯಿಪಾಠ. ಬಪ್ಪ ಬ್ಯಾರಿಯ ದೋಣಿ ಶಾಂಭವಿ ನದಿಯಲ್ಲಿ ತಡೆದು ನಿಂತದ್ದು, ಕನಸಿನಲ್ಲಿ ದೇವಿ ಕಂಡದ್ದು, ಮೂಲ್ಕಿಯಲ್ಲಿ ದುರ್ಗಾಪರಮೇಶ್ವರಿಯ ಗುಡಿ ಎದ್ದದ್ದು. ಅದೇ ಬಪ್ಪನಾಡಿನ ಜಾತ್ರೆಯಲ್ಲಿ 2022ರಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಬ್ಯಾನರ್ ಬಿತ್ತು. ಕತೆ ಉಳಿಯಿತು, ಸಂತೆಯ ಜಾಗ ಹೋಯಿತು. ಹಳೆಯ ಕತೆಗಳನ್ನು ವೇದಿಕೆಯಲ್ಲಿ ಹೇಳಿದ ಮಾತ್ರಕ್ಕೆ ಸಂಬಂಧ ಉಳಿಯುವುದಿಲ್ಲ ಎಂದು ಇದರಿಂದ ತಿಳಿಯಬೇಕು.

ಅದೇ ವರ್ಷದ ಏಪ್ರಿಲಿನಲ್ಲಿ ಗಂಜಿಮಠ ಹತ್ತಿರದ ಮಳಲಿಯಲ್ಲಿ ಪಲ್ಲಿಯ ನವೀಕರಣಕ್ಕೆಂದು ಮುಂಭಾಗ ಬಿಚ್ಚಿದಾಗ ಒಳಗಿನ ಹಳೆಯ ಮರದ ರಚನೆ ಕಾಣಿಸಿತು. ದೇವಸ್ಥಾನದ ಹಾಗೆ ಉಂಟು ಎಂದು ಫೋಟೋ ಹರಿದಾಡಿತು. ಕೆಲಸ ನಿಂತಿತು, ತಾಂಬೂಲ ಪ್ರಶ್ನೆ ನಡೆಯಿತು, ವಿಷಯ ಕೋರ್ಟಿಗೆ ಹೋಯಿತು. ಆ ವ್ಯಾಜ್ಯದ ಸರಿ ತಪ್ಪನ್ನು ನಾವು ಇಲ್ಲಿ ತೀರ್ಮಾನಿಸುವುದಿಲ್ಲ, ಅದು ನ್ಯಾಯಾಲಯದ ಕೆಲಸ. ಆದರೆ ಒಂದು ಮಾತು ಹೇಳಲೇಬೇಕು. ಮರದ ಕಂಬ, ಕೆತ್ತನೆಯ ಮುಚ್ಚಿಗೆ, ಇಳಿಜಾರು ಮಾಡು ಇವು ಕರಾವಳಿಯಲ್ಲಿ ಯಾವ ಒಂದು ಧರ್ಮದ ಸೊತ್ತೂ ಅಲ್ಲ. ಕೋಝಿಕ್ಕೋಡಿನ ಮಿಶ್ಕಾಲ್ ಪಲ್ಲಿಯನ್ನು ನೋಡಿದವರಿಗೆ ಇದು ಗೊತ್ತು. ಜೋರು ಮಳೆಯ ಊರಿನಲ್ಲಿ ಎಲ್ಲರೂ ಮಳೆಗೆ ತಕ್ಕ ಮಾಡು ಕಟ್ಟಿದರು. ಊರಿನ ಆಚಾರಿಗೆ ಗೊತ್ತಿದ್ದ ಕೆತ್ತನೆಯೇ ಎಲ್ಲ ಕಡೆಯೂ ಬಂತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಪಾದ್ರಿಗಳ ಹೆಂಚು ಗುಡಿಯ ಮಾಡಿಗೂ ಪಲ್ಲಿಯ ಮಾಡಿಗೂ ಏರಿತು. ಇದು ಗೊತ್ತಿದ್ದವನಿಗೆ ಹಳೆಯ ಮರದ ಕಂಬ ಕಂಡರೆ ಊರಿನ ನೆನಪಾಗುತ್ತದೆ. ಗೊತ್ತಿಲ್ಲದವನಿಗೆ ಸಂಶಯ ಹುಟ್ಟುತ್ತದೆ.

ಕಾನೂನು ಇಲ್ಲವೇ ಎಂದು ಕೇಳಬಹುದು. ಉಂಟು. 1991ರ ಪೂಜಾ ಸ್ಥಳಗಳ ಕಾಯ್ದೆ, ಅಯೋಧ್ಯೆಯೊಂದನ್ನು ಬಿಟ್ಟು, 1947ರ ಆಗಸ್ಟ್ 15ರಂದು ಆರಾಧನಾಲಯ ಯಾವ ಸ್ವರೂಪದಲ್ಲಿ ಇತ್ತೋ ಅದೇ ಉಳಿಯಬೇಕು ಎನ್ನುತ್ತದೆ. ಇಂಥ ಹೊಸ ದಾವೆಗಳನ್ನು ನೋಂದಾಯಿಸಬಾರದು, ಇರುವ ದಾವೆಗಳಲ್ಲಿ ಸರ್ವೆಯಂಥ ಆದೇಶ ಕೊಡಬಾರದು ಎಂದು 2024ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿತು. ಆದರೆ ಕಾನೂನು ಕೇಳುವುದು ದಾಖಲೆಯನ್ನು. 2025ರ ವಕ್ಫ್ ತಿದ್ದುಪಡಿಯ ಬಳಿಕ, ನೋಂದಣಿಯಾಗದೆ ಬಳಕೆಯಿಂದಷ್ಟೇ ವಕ್ಫ್ ಎನಿಸಿಕೊಂಡ ಜಾಗಕ್ಕೆ ಆಸರೆ ಇನ್ನೂ ಕಡಿಮೆಯಾಗಿದೆ. ‘ನಮ್ಮ ಅಜ್ಜನ ಕಾಲದಿಂದ ಇಲ್ಲಿ ನಮಾಝ್ ಆಗ್ತಾ ಉಂಟು’ ಎಂಬ ಮಾತು ಸತ್ಯವೇ ಆಗಿದ್ದರೂ ಕಚೇರಿಯಲ್ಲಿ ಅದಕ್ಕೆ ಕಾಗದ ಬೇಕು.

ಹಾಗಾಗಿ ಜಮಾಅತ್ ಕಮಿಟಿಗಳಲ್ಲಿ ನಮ್ಮ ಮೊದಲ ವಿನಂತಿ: ನಿಮ್ಮ ಪಲ್ಲಿಗೆ ಒಂದು ಕಡತ ಮಾಡಿ. ವಕ್ಫ್ ನೋಂದಣಿ, ಪಹಣಿ, ಹಳೆಯ ಲೆಕ್ಕದ ಪುಸ್ತಕ, ಗೋಡೆಯ ಮೇಲಿನ ಬರಹದ ಫೋಟೋ ಎಲ್ಲವೂ ಅದರಲ್ಲಿರಲಿ. ಹಿರಿಯರು ಇರುವಾಗಲೇ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾರು ಜಾಗ ಕೊಟ್ಟರು, ಯಾವ ಆಚಾರಿ ಮರ ಕೆತ್ತಿದ, ಕಟ್ಟುವಾಗ ಯಾವ ನೆರೆಯವರು ಕೈಜೋಡಿಸಿದರು ಎಂಬುದನ್ನೂ ಬರೆದಿಡಿ. ಪಿಯುಸಿ ಓದುವ ನಾಲ್ಕು ಮಕ್ಕಳಿಗೆ ಈ ಕೆಲಸ ವಹಿಸಿದರೆ ಒಂದು ರಜೆಯಲ್ಲಿ ಮುಗಿಯುತ್ತದೆ.

ಎರಡನೆಯದು, ಹಳೆಯ ಪಲ್ಲಿಯನ್ನು ಕೆಡವುವ ಮೊದಲು ಹತ್ತು ಸಲ ಯೋಚಿಸಿ. ಗಲ್ಫಿನ ದುಡಿಮೆಯ ಹಣ ಊರಿಗೆ ಬಂದ ಮೇಲೆ ಕಾಂಕ್ರೀಟು, ಗುಂಬಜು, ಎತ್ತರದ ಮಿನಾರಗಳೇ ಅಂದ ಎಂಬ ಭಾವನೆ ಬೆಳೆದಿದೆ. ಜನ ಹೆಚ್ಚಿದ್ದಾರೆ, ಜಾಗ ಬೇಕು ಎಂಬುದು ನಿಜ. ಆದರೆ ಹಳೆಯ ಒಳಭಾಗವನ್ನು ಉಳಿಸಿಕೊಂಡೇ ಸುತ್ತ ವಿಸ್ತರಿಸಬಹುದಲ್ಲ? ಬಿಚ್ಚಲೇಬೇಕಾದರೆ ಮೊದಲು ಅಳತೆ, ಫೋಟೋ ಆಗಲಿ, ಮರವನ್ನು ಜೋಪಾನವಾಗಿ ಇಡಿ. ಕೆಲಸ ಶುರುವಾಗುವ ಮೊದಲೇ ನೆರೆಹೊರೆಯವರನ್ನು, ಪಂಚಾಯತ್ ಸದಸ್ಯರನ್ನು ಕರೆದು ಒಳಗೆ ಏನುಂಟು ಎಂದು ತೋರಿಸಿ. ತಾನೇ ಕಣ್ಣಾರೆ ನೋಡಿದವನಿಗೆ ವಾಟ್ಸ್‌ಆ್ಯಪ್ ಬೇರೆ ಕತೆ ಹೇಳಲಾರದು.

ಮೂರನೆಯದು ಬಾಗಿಲು. ಕೆಲವು ಮಸೀದಿಗಳಲ್ಲಿ ‘ಮಸೀದಿ ದರ್ಶನ’ ನಡೆಯುತ್ತಿದೆ. ಸಂತೋಷ. ಅದು ರಾಜಕಾರಣಿಗಳ ಭಾಷಣಕ್ಕೆ ವೇದಿಕೆಯಾಗದಿರಲಿ. ಪಕ್ಕದ ಅಂಗಡಿಯವರು, ಮೀನು ಮಾರುವ ಅಕ್ಕಂದಿರು, ಶಾಲೆಯ ಟೀಚರುಗಳು ಬರಲಿ. ವುಳೂ ಮಾಡುವ ಹೌಳು ಯಾವುದು, ಬಾಂಗಿನ ಅರ್ಥ ಎಂತ, ಮಿಂಬರ್ ಯಾಕೆ ಎಂದು ಖತೀಬರು ಕನ್ನಡದಲ್ಲೋ ತುಳುವಿನಲ್ಲೋ ಹೇಳಲಿ. ನಮ್ಮ ಹೆಂಗಸರೂ ಆ ದಿನ ಅತಿಥಿಗಳನ್ನು ಮಾತನಾಡಿಸಲಿ. ನಮ್ಮ ಮಕ್ಕಳನ್ನೂ ಕದ್ರಿಯ ಶಾಸನ, ಚಾಪೆಲಿನ ಚಿತ್ರ ನೋಡಲು ಕರೆದೊಯ್ಯೋಣ. ನೋಡಿ ತಿಳಿದುಕೊಂಡರೆ ಈಮಾನ್ ಸಡಿಲವಾಗುವುದಿಲ್ಲ.

‘ನಾವೇ ಯಾಕೆ ಎಲ್ಲರಿಗೂ ಸಾಬೀತು ಮಾಡುತ್ತಾ ಕೂರಬೇಕು?’ ಎಂದು ಯುವಕರು ಕೇಳುತ್ತಾರೆ. ಆ ಸಿಟ್ಟು ನಮಗೆ ಅರ್ಥವಾಗುತ್ತದೆ. ಸಂಶಯಪಟ್ಟವನೇ ಆಧಾರ ಕೊಡಬೇಕು ಎಂಬುದು ನ್ಯಾಯ. ಆದರೆ ನಾವು ಹೇಳುತ್ತಿರುವುದು ಸಾಬೀತಿನ ಮಾತಲ್ಲ, ನೆರೆಹೊರೆಯ ಮಾತು. ನಜ್ರಾನಿನ ಕ್ರೈಸ್ತರ ನಿಯೋಗವನ್ನು ಪ್ರವಾದಿಯವರು (ಸ) ಮದೀನಾದ ತಮ್ಮ ಮಸೀದಿಯಲ್ಲೇ ಬರಮಾಡಿಕೊಂಡರು ಎಂದು ಸೀರಾ ಗ್ರಂಥಗಳು ಹೇಳುತ್ತವೆ. ಸೂರಃ ಅಲ್ ಹಜ್ಜ್ ಮಸೀದಿಗಳ ಜೊತೆಗೇ ಸನ್ಯಾಸಿ ಮಠ, ಚರ್ಚು, ಯಹೂದಿ ಮಂದಿರಗಳ ಹೆಸರೆತ್ತಿ ಅವುಗಳ ರಕ್ಷಣೆಯ ಮಾತಾಡುತ್ತದೆ. ಚರ್ಚಿನ ಗಾಜು ಒಡೆದಾಗ ಸುಮ್ಮನಿದ್ದು ಪಲ್ಲಿಗೆ ಕಲ್ಲು ಬಿದ್ದಾಗ ಮಾತ್ರ ಕೂಗುವುದು ಆ ಆಯತ್ತಿಗೆ ತಕ್ಕದ್ದಲ್ಲ.

ಪೊಲೀಸ್ ಕಾವಲು, ವಕೀಲರ ಓಡಾಟ ಬೇಕಾದಾಗ ಬೇಕು. ಆದರೆ ಅವೆಲ್ಲ ಜಗಳ ಶುರುವಾದ ಮೇಲಿನ ಮಾತು. ಜಗಳಕ್ಕೆ ಮೊದಲೇ ಮಾಡಬಹುದಾದ ಕೆಲಸ ನಮ್ಮ ಕೈಯಲ್ಲೇ ಉಂಟು. ಬರುವ ಜುಮಾದ ಬಳಿಕ ಕಮಿಟಿಯವರು ಹತ್ತು ನಿಮಿಷ ಕುಳಿತು, ಕಡತ ಯಾರು ಮಾಡುವುದು, ಬಾಗಿಲು ಯಾವ ದಿನ ತೆರೆಯುವುದು ಎಂಬ ಎರಡು ವಿಷಯ ನಿರ್ಧರಿಸಲಿ.