ಕಡಲಪಾಚಿಯ ಚರಟ

ರಾಮೇಶ್ವರದ ಯಾತ್ರೆಗೆ ಹೋದ ನಮ್ಮವರು ಅಗ್ನಿತೀರ್ಥದಲ್ಲಿ ಮಿಂದು, ಪಾಂಬನ್ ಸೇತುವೆಯನ್ನು ನೋಡಿ ವಿಸ್ಮಿತರಾಗಿ ಮರಳುತ್ತಾರೆಯೇ ಹೊರತು, ಅದೇ ಮನ್ನಾರ್ ಕೊಲ್ಲಿಯ ಅಂಚಿನಲ್ಲಿ, ಬೆರಳುಗಳಿಗೆ ಬಟ್ಟೆಯ ಚಿಂದಿ ಸುತ್ತಿ, ಉಸಿರು ಬಿಗಿಹಿಡಿದು ಮುಳುಗಿ, ಬಂಡೆಗಂಟಿದ ಕಡಲಪಾಚಿಯನ್ನು ಕಿತ್ತು ತರತಕ್ಕ ಹೆಂಗಸರನ್ನು ಕಂಡು ಬಂದವರು ವಿರಳ. ಆ ಪಾಚಿಯನ್ನು ಬೇಯಿಸಿ ಬಸಿದರೆ ಬರುವ ಸಾರವೇ ಅಗರ್. ಹಣ್ಣಿನ ಪಾಕವನ್ನು ಬೇಸಗೆಯಲ್ಲೂ ಕರಗದಂತೆ ಹೆಪ್ಪುಗಟ್ಟಿಸಲು ಅದನ್ನು ಬಳಸುತ್ತಿದ್ದ ಫ್ಯಾನಿ ಹೆಸ್ಸೆ ಎಂಬಾಕೆಯ ಸೂಚನೆಯಿಂದ 1881ರ ಸುಮಾರಿಗೆ ಅದು ಸೂಕ್ಷ್ಮಾಣುಶಾಸ್ತ್ರಜ್ಞ ರಾಬರ್ಟ್ ಕಾಕನ ಪ್ರಯೋಗಶಾಲೆಯನ್ನು ಹೊಕ್ಕಿತೆಂಬುದು, ವಿಜ್ಞಾನವು ಅಡುಗೆಮನೆಗೆ ಇನ್ನೂ ತೀರಿಸದ ಋಣಗಳಲ್ಲೊಂದು.

ಸಾರ ಹೋದ ಮೇಲೆ ಉಳಿಯತಕ್ಕ ಒದ್ದೆ ಚರಟದ ಗತಿಯೇನು? ಅದರಲ್ಲಿ ಸೆಲ್ಯುಲೋಸ್ ಹೇರಳ. ನೆಲದ ಮರವನ್ನು ನೆಟ್ಟಗೆ ನಿಲ್ಲಿಸುವ ಲಿಗ್ನಿನ್ ಎಂಬ ಗಡುಸು ದ್ರವ್ಯವಾದರೋ, ನೀರೇ ಹೊತ್ತು ಸಲಹುವ ಪಾಚಿಗೆ ಬಹುಮಟ್ಟಿಗೆ ಅನಾವಶ್ಯಕವಾದುದರಿಂದ, ಕಿಣ್ವಗಳು ಈ ಚರಟವನ್ನು ಕಟ್ಟಿಗೆಗಿಂತ ಸುಲಭವಾಗಿ ಸಕ್ಕರೆಯಾಗಿ ಒಡೆಯುತ್ತವೆ. ಸಕ್ಕರೆಯನ್ನು ಮದ್ಯಸಾರವಾಗಿಸುವುದು ಯೀಸ್ಟಿಗೆ ಹಳೆಯ ವಿದ್ಯೆ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯಿಂದ ಎಥನಾಲ್ ಎಂಬ ಆ ಮದ್ಯಸಾರವನ್ನು ಇಳಿಸಿ ತೋರಿಸಿಯೂ ಇದ್ದಾರೆ. ಇಷ್ಟು ಕೇಳಿದೊಡನೆ ಕಡಲಿನ ಬಲದಿಂದಲೇ ದೇಶದ ಮೋಟಾರುಗಳನ್ನು ಓಡಿಸುವ ಕನಸು ಹಲವರಿಗೆ ಬೀಳುತ್ತದೆ, ನನಗೆ ಬೀಳದು. ಒದ್ದೆ ಚರಟದಲ್ಲಿ ತೂಕವೆಲ್ಲ ನೀರಿನದು. ಅದನ್ನು ಲಾರಿಯಲ್ಲಿ ಹೇರಿ ದೂರದ ಭಟ್ಟಿಗೆ ಒಯ್ಯುವುದೆಂದರೆ ಎಣ್ಣೆ ಸುಟ್ಟು ನೀರು ಸಾಗಿಸಿದಂತೆ. ಪಾಚಿಯ ಉದ್ಯಮಕ್ಕೆ ಹಳೆಯ ಪಾಠವೂ ಒಂದಿದೆ: ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಸಮೀಪ ಹರ್ಕ್ಯುಲಿಸ್ ಎಂಬ ಕಂಪನಿಯು ಕೆಲ್ಪ್ ಎಂಬ ಕಡಲಪಾಚಿಯನ್ನು ಹುಳಿಯಿಸಿ ಸಿಡಿಮದ್ದಿಗೆ ಬೇಕಾದ ಅಸಿಟೋನನ್ನು ತೆಗೆಯಿತು. ಯುದ್ಧ ಮುಗಿದ ಮೇಲೆ ಆ ಕಾರ್ಖಾನೆ ಬಾಳಲಿಲ್ಲ.

ನಮ್ಮ ಮಂಡ್ಯದ ಸಕ್ಕರೆ ಸೀಮೆಯವರಿಗೆ ದಾರಿ ಹೇಳಿಕೊಡಬೇಕಾಗಿಲ್ಲ. ಅರೆದ ಕಬ್ಬಿನ ಸಿಪ್ಪೆಯನ್ನು ಅರೆದ ಕಾರ್ಖಾನೆಯ ಬಾಯ್ಲರಿಗೇ ಉಣಿಸುವಂತೆ, ಪಾಚಿಯ ಚರಟವನ್ನೂ ಅಗರ್ ತಯಾರಿಸುವ ಅಂಗಳದಲ್ಲೇ, ಒಣಗಿಸುವ ಗೊಡವೆಯಿಲ್ಲದೆ, ಗೋಬರ್ ಗ್ಯಾಸಿನ ಗುಂಡಿಯಂಥದರಲ್ಲಿ ಕೊಳೆಯಿಸಿ, ಬಂದ ಅನಿಲದಿಂದ ಮರುದಿನದ ಪಾಚಿಯನ್ನು ಬೇಯಿಸುವುದು ನನ್ನ ಅಲ್ಪಮತಿಗೆ ಮೋಟಾರಿನ ಕನಸಿಗಿಂತ ವಿವೇಕವಾಗಿ ತೋರುತ್ತದೆ. ತೊಡಕಿಲ್ಲವೆಂದಲ್ಲ: ಉಪ್ಪು ಹೆಚ್ಚಾದರೆ ಸೂಕ್ಷ್ಮಾಣುಗಳು ಬಳಲುತ್ತವೆ, ಪಾಚಿಯ ಗಂಧಕವು ಕೊಳೆತ ಮೊಟ್ಟೆಯ ನಾತದ ಅನಿಲವಾಗಿ ಕೊಳವೆಗಳನ್ನು ತಿನ್ನುತ್ತದೆ. ಚರಟವನ್ನು ಚೆನ್ನಾಗಿ ತೊಳೆದು ಸೆಗಣಿಯೊಡನೆ ಬೆರೆಸಿದರೆ ಎರಡೂ ತಗ್ಗುವುವು; ಸೆಗಣಿಗೆ ಬರವಿರುವ ಊರು ನಮ್ಮ ದೇಶದಲ್ಲಿ ಎಲ್ಲಿದೆ?